ಬಳ್ಳಾಪುರ ಸೀಮೆಯ ಪ್ರಸಂಗಿಗಳು

ಭಾನುವಾರದ ಬಲಿಪೂಜೆಯಲ್ಲಿ ನಾವು ಪ್ರಬೋಧನೆ ಕೇಳುತ್ತೇವೆ. ಪ್ರೊಟೆಸ್ಟೆಂಟ್ ಸಹೋದರರು ಅದನ್ನು ಪ್ರಸಂಗ ಎನ್ನುತ್ತಾರೆ. 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಸೀಮೆಯಲ್ಲಿ ಎರಡಕ್ಕೂ ಚರಿತ್ರೆಯಿದೆ.

ಅಲ್ಲಿಗೆ ಮೊದಲು ಬಂದವರು ಕಥೋಲಿಕರು. 18ನೇ ಶತಮಾನದ ಆರಂಭದಲ್ಲಿ ಕರ್ನಾಟಿಕ್ ಮಿಷನ್ನಿನ ಫ್ರೆಂಚ್ ಯೇಸುಸಭೆಯ ಗುರುಗಳು ಪುಂಗನೂರು ಕಡೆಯಿಂದ ಈ ಸೀಮೆಗೆ ಬಂದರು. ಸಂನ್ಯಾಸಿಗಳ ಉಡುಪು, ಮಾಂಸವಿಲ್ಲದ ಊಟ, ಜನರ ಭಾಷೆಯಲ್ಲೇ ಬೋಧನೆ. ಫಾದರ್ ಲೆ ಗಾಕ್ 1709ರಲ್ಲಿ ಚಿಕ್ಕಬಳ್ಳಾಪುರದಿಂದ ಬರೆದ ಪತ್ರ ಫ್ರಾನ್ಸಿನಲ್ಲಿ ಅಚ್ಚಾಗಿದೆ. 1773ರಲ್ಲಿ ಪೋಪರು ಯೇಸುಸಭೆಯನ್ನೇ ವಿಸರ್ಜಿಸಿದಾಗ ಈ ಮಿಷನ್ ಬಡವಾಯಿತು.

ಅನಂತರ ಬಂದ ಲಂಡನ್ ಮಿಷನ್ನಿನವರನ್ನು ಆಂಗ್ಲಿಕನ್ ಪಾದ್ರಿಗಳು ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. 1795ರಲ್ಲಿ ಹುಟ್ಟಿದ ಈ ಸಂಸ್ಥೆಯಲ್ಲಿ ಹೆಚ್ಚಿನವರು ಬಿಷಪರಿಲ್ಲದ ಕಾಂಗ್ರಿಗೇಶನಲ್ ಸಭೆಯವರು. ದಕ್ಷಿಣ ಭಾರತದ ಅವರ ಸಭೆಗಳೂ ಆಂಗ್ಲಿಕನರೂ ಒಂದೇ ಸಭೆಯಾದದ್ದು 1947ರ ಸೆಪ್ಟೆಂಬರ್ 27ರಂದು, ಸಿಎಸ್‌ಐ ಸ್ಥಾಪನೆಯಾದಾಗ. ಚಿಕ್ಕಬಳ್ಳಾಪುರದ ಸಿಎಸ್‌ಐ ಆಸ್ಪತ್ರೆಯ ಮೂಲವೂ ಲಂಡನ್ ಮಿಷನ್ನೇ.

ಇಂಗ್ಲೆಂಡಿನ ಹಳ್ಳಿ ಪಾದ್ರಿಯ ರೀತಿ ಬೇರೆ. ಅವನಿಗೆ ಪೀಠವಿತ್ತು, ಕೈಯಲ್ಲಿ ಕಾಗದವಿತ್ತು. ಹಳ್ಳಿ ಪಾದ್ರಿಗಳಿಗಾಗಿ ಜಾರ್ಜ್ ಹರ್ಬರ್ಟ್ ಬರೆದ ಪುಸ್ತಕ 1652ರಲ್ಲಿ, ಅವರು ತೀರಿಕೊಂಡ ಮೇಲೆ, ಪ್ರಕಟವಾಯಿತು. ಪ್ರಸಂಗ ಒಂದು ಗಂಟೆ ಮೀರಬಾರದೆಂದು ಅದರಲ್ಲಿದೆ. (2024ರಲ್ಲಿ ಪೋಪ್ ಫ್ರಾನ್ಸಿಸ್ ಎಂಟು ನಿಮಿಷ ಸಾಕು ಎಂದರು!) 1769ರಲ್ಲಿ ಜಾನ್ ಟ್ರಸ್ಲರ್ ಎಂಬ ಪಾದ್ರಿ ಪ್ರಸಂಗಗಳನ್ನು ಕೈಬರಹದಂತೆ ಕಾಣುವ ಅಕ್ಷರಗಳಲ್ಲಿ ಅಚ್ಚುಹಾಕಿಸಿ ಮಾರಲು ಹೊರಟರು. ಕೊಂಡವನು ತಾನೇ ಬರೆದದ್ದೆಂಬಂತೆ ಓದಬಹುದಿತ್ತು.

ಬಳ್ಳಾಪುರ ಸೀಮೆಯ ಸಂತೆಯಲ್ಲಿ ಈ ಉಪಾಯ ನಡೆಯದು. ನಿಂತು ಕೇಳುವವರು ಯಾವ ಕ್ಷಣದಲ್ಲಾದರೂ ಹೊರಟು ಹೋಗಬಹುದು, ನಡುವೆ ಪ್ರಶ್ನೆ ಕೇಳಬಹುದು. ಮೇಲಾಗಿ ಇದು ಆಂಧ್ರದ ಗಡಿ. ಕಚೇರಿಯಲ್ಲಿ, ಶಾಲೆಯಲ್ಲಿ ಕನ್ನಡವಾದರೂ ಎಷ್ಟೋ ಮನೆಗಳ ಮಾತು ತೆಲುಗು. ಎರಡೂ ಬಾರದವನ ಬೋಧನೆ ಅರ್ಧ ಜನರಿಗೆ ಮುಟ್ಟುವುದಿಲ್ಲ. ಮನೆಯಲ್ಲಿ ಕೊಂಕಣಿ ಅಥವಾ ತುಳು, ಹೊರಗೆ ಕನ್ನಡ ಆಡುವ ನಮ್ಮ ಕರಾವಳಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಸೇವೆ ಮಾಡಿದ ಲಂಡನ್ ಮಿಷನ್ನಿನ ಇ. ಪಿ. ರೈಸ್ ಕನ್ನಡವನ್ನು ಆಳವಾಗಿ ಕಲಿತವರು. ಶಾಸನತಜ್ಞ ಬಿ. ಎಲ್. ರೈಸ್ ಅವರ ಸಹೋದರ. ಅವರು ಇಂಗ್ಲಿಷಿನಲ್ಲಿ ಬರೆದ ಕನ್ನಡ ಸಾಹಿತ್ಯ ಚರಿತ್ರೆ 1921ರಲ್ಲಿ ಎರಡನೆಯ ಮುದ್ರಣ ಕಂಡಿತು. ವಚನ, ದಾಸರ ಪದಗಳನ್ನು ಅರಿತ ಬೋಧಕನ ಮಾತಿಗೆ ತೂಕ ಬಾರದೆ ಇರುತ್ತದೆಯೇ?

ಆದರೂ ಹಳ್ಳಿ ಹಳ್ಳಿ ನಡೆದು ಹೆಚ್ಚು ಬೋಧಿಸಿದವರು ಸ್ಥಳೀಯ ಉಪದೇಶಿಗಳು, ನಮ್ಮಲ್ಲಿಯೂ ಅವರಲ್ಲಿಯೂ. ಇಂಗ್ಲೆಂಡಿನ ಸಾಮಾನ್ಯ ಪಾದ್ರಿಗಳ ಪ್ರಸಂಗಗಳೂ ಸಂಪುಟಗಳಾಗಿ ಗ್ರಂಥಾಲಯಗಳಲ್ಲಿವೆ. ನಮ್ಮ ಉಪದೇಶಿಗಳ ಮಾತು ಕಾಗದ ಸೇರಿದ್ದು ತೀರಾ ಕಡಿಮೆ. ಯಾರ ಮನೆಯಲ್ಲಾದರೂ ಹಿರಿಯ ಉಪದೇಶಿಗಳ ಟಿಪ್ಪಣಿ ಪುಸ್ತಕ ಉಳಿದಿದ್ದರೆ ರದ್ದಿಗೆ ಹಾಕಬೇಡಿ. ಹೆಸರು, ಊರು, ಗೊತ್ತಿದ್ದರೆ ಇಸವಿ ಬರೆದು ನಿಮ್ಮ ವಿಚಾರಣಾ ಗುರುಗಳಿಗೆ ಒಪ್ಪಿಸಿರಿ.