ಲಾಟರಿ ಮೂಲಕ ಸೀಟು ಹಂಚಿಕೆ: ಸಂಭವನೀಯತೆಯ ಮೂಲಾಂಶಗಳು

ಸೀಟುಗಳಿಗಿಂತ ಅರ್ಜಿಗಳು ಹೆಚ್ಚಾಗಿದ್ದಲ್ಲಿ ಲಾಟರಿ ಮೂಲಕ ಆಯ್ಕೆ ಮಾಡಲಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಅನುದಾನರಹಿತ ಶಾಲೆಗಳಲ್ಲಿನ ಸೀಟು ಹಂಚಿಕೆ ಇದಕ್ಕೊಂದು ನಿದರ್ಶನ. ಅರ್ಜಿದಾರರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು.

1. ಸಂಭವನೀಯತೆ ಎಂದರೇನು?
ಒಂದು ಘಟನೆಯು ನಡೆಯುವ ಸಾಧ್ಯತೆಯ ಅಳತೆಯೇ ಸಂಭವನೀಯತೆ. ಇದರ ಬೆಲೆ 0 ಮತ್ತು 1ರ ನಡುವೆ ಇರುತ್ತದೆ. 0 ಎಂದರೆ ಅಸಂಭವ. 1 ಎಂದರೆ ಖಚಿತ.

2. ಲೆಕ್ಕ ಹಾಕುವ ವಿಧಾನ
ಒಂದೇ ಆದ್ಯತಾ ವರ್ಗದ 20 ಸೀಟುಗಳಿಗೆ 100 ಅರ್ಜಿಗಳಿದ್ದರೆ, ಪ್ರತಿ ಮಗುವಿಗೂ ಸೀಟು ದೊರೆಯುವ ಸಂಭವನೀಯತೆ 20/100, ಅಂದರೆ 1/5. ದೊರೆಯದಿರುವ ಸಂಭವನೀಯತೆ 4/5. ನಿಗದಿತ ಅವಧಿಯೊಳಗೆ ಅರ್ಜಿಯನ್ನು ಮೊದಲ ದಿನ ಸಲ್ಲಿಸಿದರೂ ಕೊನೆಯ ದಿನ ಸಲ್ಲಿಸಿದರೂ ಇದು ಬದಲಾಗದು.

3. ಮತ್ತೊಮ್ಮೆ ಅರ್ಜಿ ಸಲ್ಲಿಸಿದಾಗ
ಪ್ರತಿ ಲಾಟರಿಯೂ ಸ್ವತಂತ್ರ. ಹಿಂದಿನ ಬಾರಿ ಆಯ್ಕೆಯಾಗದ ಮಾತ್ರಕ್ಕೆ ಈ ಬಾರಿ ಅವಕಾಶ ಹೆಚ್ಚುವುದಿಲ್ಲ. ಮೇಲಿನಂತಹ ಎರಡು ಲಾಟರಿಗಳಲ್ಲಿ ಒಮ್ಮೆಯಾದರೂ ಆಯ್ಕೆಯಾಗುವ ಸಂಭವನೀಯತೆ 2/5 ಅಲ್ಲ; 1 − (4/5 × 4/5) = 9/25, ಅಂದರೆ ಶೇ. 36.

ಸೂಚನೆ: ನ್ಯಾಯಯುತ ಲಾಟರಿಯಲ್ಲಿ ಸೀಟು ಖಚಿತಪಡಿಸಲು ಯಾರಿಂದಲೂ ಸಾಧ್ಯವಿಲ್ಲ. ಮಧ್ಯವರ್ತಿಯೊಬ್ಬರು ಹತ್ತು ಪೋಷಕರಿಂದ ಹಣ ಪಡೆದು ಏನೂ ಮಾಡದಿದ್ದರೂ, ಮೇಲಿನ ಲೆಕ್ಕದಂತೆ ಅವರಲ್ಲಿ ಸರಾಸರಿ ಇಬ್ಬರ ಮಕ್ಕಳಿಗೆ ಸೀಟು ದೊರೆಯುತ್ತದೆ. ಇದನ್ನು ಮಧ್ಯವರ್ತಿಯ ಪ್ರಭಾವವೆಂದು ಭಾವಿಸಿ ಯಾರೂ ಹಣ ನೀಡಬಾರದು.