ಓಲೆಯ ಮುದ್ರೆಯಿಂದ ಪೆಟ್ಟಿಗೆಯ ಬೀಗದವರೆಗೆ

ಪತ್ರವನ್ನು ಕಾಯುವ ಉಪಾಯಗಳಲ್ಲಿ ಬೀಗಕ್ಕಿಂತಲೂ ಮುದ್ರೆಯೇ ಪ್ರಾಚೀನವಾದುದು. ವಿಶಾಖದತ್ತನ ‘ಮುದ್ರಾರಾಕ್ಷಸ’ವನ್ನು ಬಲ್ಲ ವಾಚಕರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಅಮಾತ್ಯ ರಾಕ್ಷಸನ ಉಂಗುರವು ಚಾಣಕ್ಯನ ಕೈಸೇರಿತು. ಶಕಟದಾಸನ ಅಕ್ಷರದಲ್ಲಿ ಬರೆಯಿಸಿದ ಕಪಟಲೇಖಕ್ಕೆ ಆ ಉಂಗುರದ ಮುದ್ರೆ ಬಿದ್ದಿತು. ಮಲಯಕೇತುವು ಮುದ್ರೆಯನ್ನು ನಂಬಿ ಮನುಷ್ಯನನ್ನು ಶಂಕಿಸಿದನು. ಅಲ್ಲಿ ಮುದ್ರೆಯಲ್ಲಿ ಯಾವ ದೋಷವೂ ಇರಲಿಲ್ಲ. ಉಂಗುರವು ಅನ್ಯಹಸ್ತಗತವಾದುದೊಂದೇ ಸರ್ವಾನರ್ಥಕ್ಕೂ ಮೂಲವಾಯಿತು. ಉಡುಪಿ, ಮಣಿಪಾಲಗಳ ಬಹುಮಹಡಿಯ ವಸತಿಗಳಲ್ಲಿ ಮೆಟ್ಟಲ ಬುಡದಲ್ಲಿ ಸಾಲುಗಟ್ಟಿರುವ ಅಂಚೆಪೆಟ್ಟಿಗೆಗಳನ್ನು ಕಂಡಾಗಲೆಲ್ಲ ಈ ನಾಟಕವು ನನ್ನ ನೆನಪಿಗೆ ಬರುವುದು.

ಸಂಸ್ಕೃತದಲ್ಲಿ ಅಗುಳಿಗೆ ಅರ್ಗಲವೆಂದೂ, ಬೀಗಕ್ಕೆ ತಾಲಕವೆಂದೂ, ಬೀಗದ ಕೈಗೆ ಕುಂಚಿಕೆಯೆಂದೂ ಹೆಸರುಂಟು. ಅಗುಳಿಯು ಒಳಗಿರುವವನನ್ನು ಕಾಯುವುದು. ಬೀಗವಾದರೋ ಒಡೆಯನು ಹೊರಗಿರುವಾಗ ಕಾಯತಕ್ಕುದು. ಆದುದರಿಂದ ಕೈ ಯಾರಲ್ಲಿದೆಯೆಂಬ ಪ್ರಶ್ನೆಯು ಬೀಗದೊಡನೆಯೇ ಹುಟ್ಟಿತು. ನಮ್ಮ ಸೀಮೆಯು ಇದಕ್ಕೆ ಬಹುಕಾಲದಿಂದ ಬಹಿರಂಗವಾಗಿಯೇ ಉತ್ತರ ಕೊಡುತ್ತ ಬಂದಿದೆ. ಎರಡು ವರ್ಷಗಳಿಗೊಮ್ಮೆ, ಸಮಸಂಖ್ಯೆಯ ವರ್ಷದ ಜನವರಿ ೧೮ರಂದು, ಕಾಪುವಿನ ಸಮೀಪದ ದಂಡತೀರ್ಥದಲ್ಲಿ ಮಿಂದು ಬಂದ ಯತಿಗಳಿಗೆ ಪರ್ಯಾಯವನ್ನು ಮುಗಿಸಿದ ಯತಿಗಳು ಅಕ್ಷಯಪಾತ್ರೆ, ಸಟ್ಟುಗಗಳ ಜೊತೆಯಲ್ಲಿ ಬೀಗದ ಕೈಗಳನ್ನೂ ಒಪ್ಪಿಸುವರು. ಎಂಟು ಮಠಗಳಿಗೆ ಸೇರಿದ ಸನ್ನಿಧಿಯೊಂದರಲ್ಲಿ ಈ ಹಸ್ತಾಂತರವು ಅಷ್ಟು ಸ್ಪಷ್ಟವಾಗಿ ನಡೆಯುವುದು. ಮಣಿಪಾಲದಲ್ಲಿಯಾದರೆ ವಿದ್ಯಾರ್ಥಿಗಳು ಬಂದು ಹೋಗುತ್ತಿರುವರು, ಬಾಡಿಗೆಯ ಮನೆಯು ಪದೇ ಪದೇ ಕೈ ಬದಲಾಯಿಸುವುದು. ಪೆಟ್ಟಿಗೆಯ ಎರಡನೆಯ ಕೀಲಿಯು ಯಾರ ಜೇಬಿನಲ್ಲಿ ಯಾವ ಊರಿಗೆ ಹೋಯಿತೆಂದು ಕೇಳುವವರೇ ಇಲ್ಲ.

ಯಂತ್ರದ ಕಥೆಯು ಬೇರೆ. ೧೭೮೪ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬಾತನು ಒಂದು ಬೀಗಕ್ಕೆ ಸನ್ನದು ಪಡೆದನು. ಅಂತಹುದೊಂದನ್ನು ಅವನ ಲಂಡನ್ನಿನ ಅಂಗಡಿಯ ಕಿಟಕಿಯಲ್ಲಿಟ್ಟು, ಕೀಲಿಯಿಲ್ಲದೆ ತೆರೆದವರಿಗೆ ೨೦೦ ಗಿನಿಗಳ ಬಹುಮಾನವನ್ನು ಸಾರಲಾಗಿತ್ತು. ಅದು ಅರ್ಧ ಶತಮಾನಕ್ಕೂ ಮಿಕ್ಕಿ ಯಾರಿಗೂ ಬಗ್ಗಲಿಲ್ಲ. ೧೮೫೧ರ ಮಹಾಪ್ರದರ್ಶನಕ್ಕೆ ಬಂದ ಅಮೆರಿಕದ ಹಾಬ್ಸ್ ಎಂಬಾತನು ೧೬ ದಿನಗಳಲ್ಲಿ ಒಟ್ಟು ೫೧ ಗಂಟೆ ಶ್ರಮಿಸಿ ಅದನ್ನು ತೆರೆದನು. ತರುವಾಯ ಲೈನಸ್ ಯೇಲ್ ಎಂಬಾತನು ೧೮೬೧ ಮತ್ತು ೧೮೬೫ರ ಸನ್ನದುಗಳಿಂದ, ಪ್ರಾಚೀನ ಈಜಿಪ್ಟಿನ ಮರದ ಬೀಗದ ತತ್ತ್ವವನ್ನೇ ಲೋಹದ ಸಣ್ಣ ಉರುಳೆಯೊಳಗೆ ಅಡಗಿಸಿದನು. ಚಪ್ಪಟೆಯಾದ ಗರಗಸಹಲ್ಲಿನ ಕೀಲಿಯು ಆಗ ಬಳಕೆಗೆ ಬಂದಿತು.

ಅಂಚೆಪೆಟ್ಟಿಗೆಯದು ಆ ವಂಶದ ಬಡ ನೆಂಟ. ಉರುಳೆಯೊಳಗೆ ಹಿತ್ತಾಳೆಯ ಕೆಲವು ತೆಳು ತಗಡುಗಳು ಸ್ಪ್ರಿಂಗುಗಳ ಒತ್ತಡದಿಂದ ಹೊರಚಾಚಿ ಉರುಳೆಯು ತಿರುಗದಂತೆ ತಡೆದಿರುವುವು. ಸರಿಯಾದ ಕೀಲಿಯು ಅವೆಲ್ಲವನ್ನೂ ಒಮ್ಮೆಗೇ ಒಳಸೆಳೆದಾಗ ಉರುಳೆಯು ಕಾಲುಸುತ್ತು ತಿರುಗಿ, ಅದರ ಬೆನ್ನಿನ ನಾಲಗೆಯು ಚೌಕಟ್ಟಿನಿಂದ ಸರಿಯುವುದು. ಅಗ್ಗದ ಬೀಗಗಳಲ್ಲಿ ಕೀಲಿಯ ಪ್ರಭೇದಗಳು ಕೆಲವೇ. ಮಣಿಪಾಲದ ಒಂದು ಸಮುಚ್ಚಯದಲ್ಲಿ ಒಂದೇ ಕೀಲಿಗೆ ಮೂರು ಪೆಟ್ಟಿಗೆಗಳು ತೆರೆದುದನ್ನು ನಾನೇ ನೋಡಿದ್ದೇನೆ. ಕೆಲವು ಬೀಗಗಳ ಮುಖದ ಮೇಲೆಯೇ ಕೀಲಿಯ ಸಂಖ್ಯೆಯನ್ನು ಕೊರೆದಿರುವರು. ಅದನ್ನು ಬರೆದುಕೊಂಡವನು ಮತ್ತೊಂದು ಕೀಲಿಯನ್ನು ಮಾಡಿಸಬಲ್ಲನು. ಕದದ ತಗಡು ತೆಳುವಾದರೆ ಬೀಗದ ಮಾತೇ ಬೇಡ, ತಿರುಪುಳಿಯೊಂದೇ ಸಾಕು. ಪತ್ರ ಹಾಕುವ ಸೀಳು ಅಗಲವಾಗಿದ್ದು ಒಳಗೆ ಓರೆಯ ಅಡ್ಡತಗಡು ಇಲ್ಲದಿದ್ದರೆ ಕಳ್ಳನು ಕೈಯಿಂದಲೋ ಕೊಕ್ಕೆಯಿಂದಲೋ ಪತ್ರವನ್ನು ಎತ್ತಿಕೊಳ್ಳುವನು.

ಅಮೆರಿಕದಲ್ಲಿ ಬಾಡಿಗೆದಾರನಿಗೆ ತನ್ನ ಪೆಟ್ಟಿಗೆಯ ಕೀಲಿಯಿರುವುದಲ್ಲದೆ, ಅಂಚೆಯವನಿಗೆ ಇಡೀ ಸಾಲಿನ ಮುಖವನ್ನೇ ತೆರೆಯುವ ‘ಆರೋ’ ಎಂಬ ಕೀಲಿಯೂ ಇರುವುದು. ಕೆಲಸಕ್ಕೆ ಅನುಕೂಲವೇ ಸರಿ. ಆದರೆ ಆ ಕೀಲಿಗಾಗಿಯೇ ಅಂಚೆಯವರನ್ನು ದಾರಿಯಲ್ಲಿ ಅಡ್ಡಗಟ್ಟಿ ದೋಚುವ ಪಾತಕವು ಹೆಚ್ಚಿತು. ೨೦೨೩ರಲ್ಲಿ ಅಲ್ಲಿಯ ಅಂಚೆ ಇಲಾಖೆಯು ಅಂತಹ ೪೯,೦೦೦ ಬೀಗಗಳ ಸ್ಥಾನದಲ್ಲಿ ವಿದ್ಯುನ್ಮಾನ ಬೀಗಗಳನ್ನಿಡುವುದಾಗಿ ಪ್ರಕಟಿಸಿತು. ಚಾಣಕ್ಯನ ಕೈಯ ಉಂಗುರವೇ ಇದು! ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿ, ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಿಂಡಿಕೇಟ್ ಬ್ಯಾಂಕಿನ ನಾಡಿನವರಿಗೆ ಇದಕ್ಕಿಂತ ಉತ್ತಮವಾದ ಕ್ರಮವು ಅಪರಿಚಿತವಲ್ಲ. ಬ್ಯಾಂಕುಗಳ ಲಾಕರಿಗೆ ಬ್ಯಾಂಕಿನದೊಂದು, ಗ್ರಾಹಕನದೊಂದು ಕೀಲಿ. ಎರಡೂ ಕೂಡದೆ ಕದವು ತೆರೆಯದು.

ನಮ್ಮ ಅಂಚೆಯವರಿಗೆ ಕೀಲಿಯ ಗೊಡವೆಯಿಲ್ಲ, ಸೀಳೊಂದಿದ್ದರೆ ಸಾಕು. ನಮ್ಮ ಭಯವಿರುವುದು ಹಳೆಯ ಬಾಡಿಗೆದಾರನ ಕೀಲಿಯಲ್ಲಿ, ಕಾವಲುಗಾರನ ಮೊಳೆಗೆ ತೂಗಹಾಕಿದ ಗೊಂಚಲಿನಲ್ಲಿ. ಮಕ್ಕಳು ಪರದೇಶದಲ್ಲಿದ್ದು ಒಂಟಿಯಾಗಿರುವ ವೃದ್ಧರ ವಿಮೆಯ ಕಾಗದ, ಬ್ಯಾಂಕಿನ ಪತ್ರಗಳು ಬಂದು ಬೀಳುವುದು ಈ ಪೆಟ್ಟಿಗೆಗೇ. ಕಾರ್ಕಳದ ಕಡೆಯ ಒಂಟಿಮನೆಗಳ ಜಗಲಿಯಲ್ಲಾದರೆ ಅಂಚೆಯವನು ಕರೆದು ಕೊಟ್ಟಾನು. ಐದನೆಯ ಮಹಡಿಯವರಿಗೆ ಆ ಭಾಗ್ಯವಿಲ್ಲ. ಮನೆಗೆ ಹೊಸಬರು ಬಂದ ದಿನವೇ ಬೀಗವನ್ನು ಬದಲಿಸಬಹುದು: ಕದದ ಒಳಮಗ್ಗುಲಲ್ಲಿರುವ ಒಂದು ನಟ್ಟನ್ನು ಸಡಿಲಿಸಿದರೆ ಹಳೆಯದು ಕಳಚಿ ಬರುವುದು. ಹೊಸದರ ಮುಖದ ಮೇಲೆ ಸಂಖ್ಯೆಯಿದ್ದರೆ ಅದನ್ನು ಬರೆದಿಟ್ಟುಕೊಂಡು, ಅರದಿಂದ ಉಜ್ಜಿ ಅಳಿಸಿ, ಆಮೇಲೆ ಕೂರಿಸತಕ್ಕುದು.