ಗ್ರಾಫಿಕ್ಸ್ ಕಾರ್ಡು ಬಿಚ್ಚಿ ಹಾಕಬಹುದಾಗಿದ್ದ ಲ್ಯಾಪ್‌ಟಾಪು

ಪುಣೆಗೆ ಬರೋ ನಮ್ಮ ಕಡೆಯ ಹುಡುಗರು ಮೊದಲು ಕೊಳ್ಳೋದು ಸೆಕೆಂಡ್ ಹ್ಯಾಂಡ್ ಬೈಕು, ಆಮೇಲೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು. ಗಾಡಿ ಡಿಸೈನ್ ಮಾಡೋ ಊರು ಇದು. ಆಫೀಸುಗಳು ಹಳತಾಯ್ತು ಅಂತ ಮಾರಿದ ವರ್ಕ್‌ಸ್ಟೇಷನ್ನೂ ಸಿಗುತ್ತೆ. ಡೆಲ್ ಪ್ರಿಸಿಷನ್ ಎಂ6700 ಸಿಕ್ಕರೆ ಬಿಚ್ಚಿ ನೋಡಿ. ಅದರ ಗ್ರಾಫಿಕ್ಸ್ ಕಾರ್ಡನ್ನು ಬೋರ್ಡಿಗೆ ಬೆಸೆದಿಲ್ಲ, ಸ್ಕ್ರೂ ಹಾಕಿ ಕೂರಿಸಿದಾರೆ.

ಇದು ಎಂಎಕ್ಸ್‌ಎಂ, 2004ರಲ್ಲಿ ಎನ್‌ವಿಡಿಯಾ ತಂದದ್ದು. ಎಲ್ಲ ಕಂಪನಿಯ ಲ್ಯಾಪ್‌ಟಾಪಿಗೂ ಒಂದೇ ಅಳತೆಯ ಕಾರ್ಡು ಅನ್ನೋದು ಆಸೆ. ಆಗಿದ್ದೇ ಬೇರೆ. ಹೀಟ್‌ಸಿಂಕು, ಬಯಾಸು ಒಬ್ಬೊಬ್ಬರದು ಒಂದೊಂದು ಥರ. ಕಾರ್ಡು ಸರಿಯಾಗಿ ಕೂತ್ರೂ ಪರದೆ ಕಪ್ಪು!

ಅಲ್ಲಿ ಕೈಹಿಡಿದದ್ದು ಕ್ವಾಡ್ರೋ. 2012ರ ಕ್ವಾಡ್ರೋ ಕೆ5000ಎಂ, ಗೇಮಿಂಗಿನ ಜಿಟಿಎಕ್ಸ್ 680ಎಂ, ಎರಡರಲ್ಲೂ ಇರೋದು ಒಂದೇ ಜಿಕೆ104 ಚಿಪ್ಪು, ಅದೇ 1344 ಕೋರು. ಆದರೆ ಎಂ6700 ಜೊತೆ ಡೆಲ್ಲೇ ಮಾರುತ್ತಿದ್ದದ್ದು ಕ್ವಾಡ್ರೋ. ಹಾಗಾಗಿ ಬಯಾಸು ತಕರಾರು ತೆಗೆಯೋದು ಕಮ್ಮಿ. 576 ಕೋರಿನ ಕೆ3000ಎಂ ತೆಗೆದು ಇದನ್ನ ಹಾಕಿದ್ರೆ ಕೋರು ದುಪ್ಪಟ್ಟಿಗಿಂತ ಹೆಚ್ಚು. ಶಾಖವೂ ಹೆಚ್ಚೇ ಅನ್ನಿ: 75 ವಾಟಿದ್ದದ್ದು 100 ಆಗುತ್ತೆ. ಥರ್ಮಲ್ ಪೇಸ್ಟ್ ಹಚ್ಚೋದು ಮರೀಬೇಡಿ.

ಆಮೇಲೆ ಎಲ್ಲರಿಗೂ ತೆಳ್ಳಗಿನ ಲ್ಯಾಪ್‌ಟಾಪೇ ಬೇಕಾಯ್ತು, ಚಿಪ್ಪನ್ನ ಬೋರ್ಡಿಗೇ ಬೆಸೆದುಬಿಟ್ರು. ಈಗ ಅದೊಂದು ಕೆಟ್ಟರೆ ಅಂಗಡಿಯವನು ಇಡೀ ಮದರ್‌ಬೋರ್ಡಿನ ರೇಟು ಹೇಳ್ತಾನೆ.